ಗೂಳಪ್ಪ ಗೇಟು ತೆಗೆದ

ನನ್ನ ತಮ್ಮ ಗೂಳಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳೋಣವೆಂದು ಶುರು ಮಾಡಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗಾಗಿ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಅವನಂಥ ಮೊಂಡನನ್ನು ನಾನು ನಮ್ಮ ಕೊಪ್ಪಳದ ಕಡೆಯೂ ನೋಡಿಲ್ಲ, ಈ ಬೆಂಗಳೂರಿನಲ್ಲೂ ನೋಡಿಲ್ಲ. ಬೈದರೆ ನಗುತ್ತಾನೆ. ಅತ್ತರೆ ಚಹಾ ಮಾಡಿ ತಂದುಕೊಡುತ್ತಾನೆ. ಹೇಳಿದ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾವಿರುವುದು ಉಲ್ಲಾಳದಲ್ಲಿ, ಬಡಾವಣೆಯ ಕೊನೆಯ ಮನೆ ದಾಟಿದ ಮೇಲೆ ಸಿಗುವ ಕುದುರೆ ಲಾಯದಲ್ಲಿ. ಒಂದು ಪಕ್ಕಕ್ಕೆ ಅಪಾರ್ಟ್‌ಮೆಂಟಿನ ಹಿಂಗೋಡೆ, ಇನ್ನೊಂದು ಪಕ್ಕಕ್ಕೆ ಕಲ್ಲು ನೆಟ್ಟು ಹಾಗೇ ಬಿಟ್ಟ ಸೈಟುಗಳು. ಬಸವೇಶ್ವರನಗರದ ರಾಗಿಣಿ ಮೇಡಂ ಆ ಜಾಗವನ್ನು ಲೀಸಿಗೆ ಹಿಡಿದು ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಾರೆ. ಕುದುರೆಗಳ ಪೂರಾ ಜವಾಬ್ದಾರಿ ಗೂಳಪ್ಪನದು. ನನ್ನ ಗಂಡ ತೀರಿಕೊಂಡ ಮೇಲೆ “ಊರಾಗ ಒಬ್ಬಾಕಿ ಕುಂತು ಏನ್ ಮಾಡ್ತಿ ಬೇ ಅಕ್ಕಾ” ಎಂದು ಅವನೇ ಬಂದು ನನ್ನನ್ನು ಕರೆತಂದ. ಹುರುಳಿ ಬೇಯಿಸುವುದು, ಲದ್ದಿ ಎತ್ತುವುದು, ನಮ್ಮಿಬ್ಬರಿಗೆ ರೊಟ್ಟಿ ಬಡಿಯುವುದು, ಇವು ನನ್ನ ಪಾಲಿಗೆ ಬಂದವು. ತಮ್ಮನ ಮೇಲೆ ಗಂಟಲು ಹರಿದುಕೊಳ್ಳುವ ಕೆಲಸವನ್ನು ನಾನಾಗಿಯೇ ಸೇರಿಸಿಕೊಂಡೆ.

ಅವನಿಗೆ ಮದುವೆಯಾಗಿಲ್ಲ. ನಾನು ಪ್ರಯತ್ನ ಪಡಲಿಲ್ಲ ಎಂದುಕೊಳ್ಳಬೇಡಿ. ಎಷ್ಟು ಕಡೆ ಕನ್ಯೆ ನೋಡಲು ಕರೆದುಕೊಂಡು ಹೋದೆ! ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು, ಹುಡುಗಿಯ ಅಪ್ಪನಿಗೆ ಕುದುರೆಯ ಗೊರಸು ಹೇಗೆ ಕೆರೆಯಬೇಕೆಂದು ವಿವರಿಸುತ್ತ ಕೂತುಬಿಡುತ್ತಿದ್ದ. ಒಬ್ಬ ಹುಡುಗಿ ಪಾಪ, ಬೆಂಗಳೂರಲ್ಲಿ ಮನೆ ಎಲ್ಲಿ ಮಾಡುತ್ತೀರಿ ಎಂದು ಬಾಯಿಬಿಟ್ಟು ಕೇಳಿದಳು. “ಸರದಾರನ ಬಾಜೂಕ ಒಂದ ಖೋಲಿ ಐತಿ” ಎಂದ. ಸರದಾರ ಯಾರೆಂದು ಆಕೆ ಕೇಳಿದಳು. ಕುದುರೆ ಎಂದು ತಿಳಿದ ಮೇಲೆ ಆ ಮನೆಯವರು ಫೋನನ್ನೇ ಎತ್ತಲಿಲ್ಲ.

ಸರದಾರ ಎಂಬುದು ಆ ಲಾಯದ ದೊಡ್ಡ ಕುದುರೆ. ಗೂಳಪ್ಪ ನಾಯಂಡಹಳ್ಳಿಯ ಗೋದಾಮೊಂದರಲ್ಲಿ ಮೂಟೆ ಹೊರುತ್ತಿದ್ದಾಗ, ಹಿಂದಿನ ಶೆಡ್ಡಿನಲ್ಲಿ ಯಾರೋ ಅದನ್ನು ಕಟ್ಟಿ ಮರೆತೇಬಿಟ್ಟಿದ್ದರು. ಪಕ್ಕೆಲುಬು ಎಣಿಸುವಂತಿತ್ತಂತೆ. ಇವನು ತನ್ನ ಊಟದಲ್ಲಿ ಉಳಿಸಿ ಹಾಕಿದ, ಹುಲ್ಲು ತಂದು ಹಾಕಿದ, ಗಾಯಕ್ಕೆ ಅರಿಸಿನ ಹಚ್ಚಿದ. ರಾಗಿಣಿ ಮೇಡಂ ಆ ಕುದುರೆಯನ್ನು ಕೊಳ್ಳಲು ಬಂದವರು ಇವನನ್ನೂ ಕೆಲಸಕ್ಕೆ ಕರೆದರು. ಅಂದಿನಿಂದ ತಮ್ಮನ ಲೋಕದಲ್ಲಿ ಸೂರ್ಯ ಹುಟ್ಟುವುದು ಸರದಾರನ ಕೊಟ್ಟಿಗೆಯ ಕಡೆಯಿಂದ.

ಸರದಾರನ ಜೊತೆಗೆ ಇನ್ನೂ ಮೂರಿದ್ದವು: ತೂಫಾನ್, ಭೋಲಾ, ರಾಜ. ನಾಲ್ಕೂ ಗಂಡು, ನಾಲ್ಕಕ್ಕೂ ಬೀಜ ತೆಗೆಸಿದ್ದರು. ಸವಾರಿ ಕಲಿಸುವವರಿಗೆ ಅಂಥವೇ ಬೇಕು, ತಕರಾರು ಕಡಿಮೆ. ನಿಜವಾಗಿಯೂ ತಕರಾರಿರಲಿಲ್ಲ. ತೊಟ್ಟಿಯಲ್ಲಿ ಮೊದಲು ಸರದಾರ ನೀರು ಕುಡಿಯಬೇಕು, ಆಮೇಲೆ ಉಳಿದವು. ಸರದಾರ ಕಿವಿಯೊಂದನ್ನು ಹಿಂದಕ್ಕೆ ಮಾಡಿದರೆ ಸಾಕು, ಮಿಕ್ಕವು ದಾರಿ ಬಿಡುತ್ತಿದ್ದವು. ನಮ್ಮ ಮನೆಯಲ್ಲಿ ಅಷ್ಟು ಶಿಸ್ತು ಎಂದೂ ಇರಲಿಲ್ಲ.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಮದುವೆಗಳಿಂದ. ವಿಜಯನಗರ, ರಾಜಾಜಿನಗರದ ಮಾರ್ವಾಡಿ ಮನೆಗಳ ಮದುವೆಯಲ್ಲಿ ವರ ಕುದುರೆಯೇರಿ ಛತ್ರಕ್ಕೆ ಬರಬೇಕು, ಆ ಕುದುರೆ ಹೆಣ್ಣೇ ಆಗಿರಬೇಕು. ಅದು ಅವರ ಪದ್ಧತಿ. ಗಂಡು ಕುದುರೆ ತಂದರೆ ಹತ್ತುವುದಿಲ್ಲ. ಸವಾರಿ ಕ್ಲಾಸಿನಿಂದಷ್ಟೇ ಲಾಯ ನಡೆಯುವುದಿಲ್ಲವೆಂದು ಮೇಡಂ ಒಂದು ಬಿಳಿ ಹೆಣ್ಣು ಕುದುರೆ ತಂದರು. ಹೆಸರು ಚಾಂದನಿ. ಅದನ್ನು ಹಿಂದಿನ ಬೇಲಿಯೊಳಗೆ ಬಿಟ್ಟು, ಹೊರಡುವ ಮುಂಚೆ ಗೂಳಪ್ಪನನ್ನು ಕರೆದರು.

“ನೋಡು ಗೂಳಪ್ಪ, ಅವಳು ಸ್ವಲ್ಪ ದಿನ ಇಲ್ಲೇ ಇರ್ಲಿ. ಒಬ್ಬರನ್ನೊಬ್ರು ದೂರದಿಂದ ನೋಡಿ ಅಭ್ಯಾಸ ಆಗ್ಲಿ. ಆಮೇಲೆ ಭೋಲಾನ ಒಬ್ಬನ್ನೇ ಜೊತೆಗೆ ಬಿಡೋಣ. ಸರದಾರನ್ನ ಮಾತ್ರ ನಾನು ಹೇಳೋವರೆಗೂ ಬಿಡಬೇಡ.”

“ನೀವ್ಯಾಕ ತೆಲಿ ಕೆಡಿಸ್ಕೋತೀರಿ ಮೇಡಮ್ಮರ? ಬೀಜಾ ತೆಗದ ಮ್ಯಾಲ ಅವಕ್ಕ ಹೆಣ್ಣಿನ ಚಿಂತಿ ಎಲ್ಲೀದು? ನಮ್ಮ ಮನ್ಯಾಗ ಎತ್ತು, ಆಕಳ ಒಂದ ಗ್ವಾದಲಿ ಮುಂದ ನಿಂತು ಮೇವು ತಿಂತಿದ್ವು.”

“ಎತ್ತೇ ಬೇರೆ, ಕುದುರೆನೇ ಬೇರೆ. ಹೇಳಿದಷ್ಟು ಮಾಡಪ್ಪ” ಎಂದು ಅವರು ಗಾಡಿ ಹತ್ತಿ ಹೋದರು.

ಎತ್ತು, ಆಕಳು ನೋಡಿ ಬೆಳೆದವಳು ನಾನೂ ಹೌದು. ಬೀಜ ಒಡೆಸಿದ ಎತ್ತು ಪಕ್ಕದಲ್ಲಿ ಆಕಳು ಬೆದೆಗೆ ಬಂದು ಕೂಗಿದರೂ ಮೇವಿನಿಂದ ಮುಖ ಎತ್ತುವುದಿಲ್ಲ. ಆದರೆ ಅವತ್ತು ನಾನು ಹುರುಳಿ ಮುಂದಿಟ್ಟರೆ ಸರದಾರ ತಿನ್ನಲೇ ಇಲ್ಲ. ಮೂಗನ್ನು ಗಾಳಿಗೆ ಎತ್ತಿ, ಮೇಲ್ದುಟಿ ಸುರುಳಿ ಸುತ್ತಿ ನಿಂತಿತ್ತು. “ಗೂಳ್ಯಾ, ಇದರ ಲಕ್ಷಣ ಬ್ಯಾರೆ ಐತಿ ನೋಡು. ಮೇಡಮ್ಮರು ಹೇಳಿದ್ದ ಮಾಡು” ಎಂದೆ. ಅವನು ನಕ್ಕ. ಇವುಗಳನ್ನು ಎರಡು ಕಡೆ ಇಟ್ಟು ಎರಡು ಕಡೆ ನೀರು ಹೊರುವುದು ಯಾರ ಕೈಲಾಗುತ್ತದೆ ಎಂದ. ಹೋಗಿ ನಡುವಿನ ಗೇಟು ತೆಗೆದ.

ಅಯ್ಯೋ ಶಿವನೆ! ಸರದಾರ ಕುತ್ತಿಗೆಯನ್ನು ನೆಲಕ್ಕೆ ತಗ್ಗಿಸಿ, ಎರಡೂ ಕಿವಿ ಹಿಂದಕ್ಕೆ ಒತ್ತಿಕೊಂಡು ನುಗ್ಗಿತು. ಚಾಂದನಿಯನ್ನು ಸುತ್ತು ಹಾಕಿ, ಅಟ್ಟಿಕೊಂಡು ಹೋಗಿ ಮೂಲೆಗೆ ನಿಲ್ಲಿಸಿತು. ಏನಾಯಿತೆಂದು ನೋಡಲು ಹೋದ ಭೋಲಾನಿಗೆ ಎದೆಗೇ ಒದೆ ಬಿತ್ತು. ತೂಫಾನ್ ಬೇಲಿ ಹಾರಿ ಸೈಟಿನ ಕಡೆ ಓಡಿತು. ರಾಜ ನೀರಿನ ಹತ್ತಿರವೂ ಸುಳಿಯಲಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಮೊಬೈಲು ಹಿಡಿದು ನಿಂತರು. ನನ್ನ ತಮ್ಮ ಕೈಯಲ್ಲಿ ಬಕೆಟು ಹಿಡಿದುಕೊಂಡು, “ಸರದಾರಾ, ಏ ಸರದಾರಾ, ಹಂಗ ಮಾಡಬಾರದಪ್ಪಾ” ಎಂದು ಬುದ್ಧಿವಾದ ಹೇಳುತ್ತಿದ್ದ.

ಭೋಲಾನ ಗಾಯ ನೋಡಲು ಬಂದ ಡಾಕ್ಟರು ನಾಗಭೂಷಣ್ ಎಲ್ಲವನ್ನೂ ಕೇಳಿಸಿಕೊಂಡು ತಲೆ ಚಚ್ಚಿಕೊಂಡರು. “ಸರದಾರನಿಗೆ ವಯಸ್ಸಾದ ಮೇಲೆ ಆಪರೇಷನ್ ಮಾಡ್ಸಿದಾರೆ ಕಣಯ್ಯ. ಅಷ್ಟು ವರ್ಷ ಗಂಡಾಗಿ ಮೆರೆದವನು. ತೆಗೆದಿರೋದು ಬೀಜ, ತಲೆ ಅಲ್ಲ. ಇವಳು ನನ್ನೋಳು ಅಂತ ಅವನು ತೀರ್ಮಾನ ಮಾಡ್ಬಿಟ್ಟ. ಈಗ ಬಿಡಿಸೋದು ನಿಮ್ಮ ಕರ್ಮ” ಎಂದರು. ಎರಡನ್ನೂ ಬೇರೆ ಮಾಡಬೇಕು, ಕಣ್ಣಿಗೆ ಕಾಣದ ಹಾಗೆ ಅಡ್ಡ ಕಟ್ಟಬೇಕು, ಸರದಾರನನ್ನು ದಿನಾ ಒಂದಷ್ಟು ದೂರ ಒಂಟಿಯಾಗಿ ನಡೆಸಿಕೊಂಡು ಹೋಗಿ ಬರಬೇಕು, ಏನೇ ಕೂಗಿದರೂ ಕರಗಬಾರದು ಎಂದು ಹೇಳಿಹೋದರು.

ಮೇಡಂ ಹಸಿರು ನೆಟ್ ತರಿಸಿ ಬೇಲಿಗೆ ಕಟ್ಟಿಸಿದರು. ಅಷ್ಟು ಸಣ್ಣ ಜಾಗದಲ್ಲಿ ನೆಟ್ ಕಟ್ಟಿದರೆ ಕಣ್ಣಿಗೆ ಮರೆಯಾಯಿತು, ಮೂಗಿಗೆ ಆಗುತ್ತದೆಯೇ? ಸರದಾರ ಬೇಲಿಯುದ್ದಕ್ಕೂ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನಡೆದು ನೆಲದಲ್ಲಿ ಕಾಲುವೆ ತೆಗೆಯಿತು. ಅದರ ಕೂಗಾಟಕ್ಕೆ ಅಪಾರ್ಟ್‌ಮೆಂಟಿನವರು ಜಗಳಕ್ಕೆ ಬಂದರು. ಗೂಳಪ್ಪ ನನ್ನ ನೆಗಡಿ ಮುಲಾಮನ್ನು ಪೂರ್ತಿ ಬಳಿದು ಅದರ ಮೂಗಿನ ಹೊಳ್ಳೆಗೆ ಹಚ್ಚಿದ, ವಾಸನೆ ಗೊತ್ತಾಗದಿರಲಿ ಎಂದು. ಕುದುರೆ ಸೀನಿತು. ನನಗೆ ನೆಗಡಿ ಬಂದಾಗ ಡಬ್ಬಿ ಖಾಲಿ.

ಇಷ್ಟರ ಮೇಲೆ ಒಂದು ಭಾನುವಾರ ಕ್ಲಾಸಿಗೆ ಬಂದ ನಾಗರಭಾವಿಯ ಹುಡುಗಿಯೊಬ್ಬಳನ್ನು ಸರದಾರನ ಮೇಲೆ ಕೂರಿಸಿದ್ದರು. ನೆಟ್ಟಿನ ಹಿಂದಿನಿಂದ ಚಾಂದನಿ ಒಂದೇ ಒಂದು ಸಲ ಕೆನೆಯಿತು. ಸರದಾರ ನಿಂತಲ್ಲೇ ತಿರುಗಿ ಓಡಿತು. ಹುಡುಗಿ ಮರಳಿನ ಮೇಲೆ ಬಿದ್ದಳು. ಪುಣ್ಯಕ್ಕೆ ಮೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳ ಅಪ್ಪ ಮೇಡಮ್ಮಿಗೆ ಅನ್ನಬಾರದ್ದನ್ನೆಲ್ಲ ಅಂದು ಹೋದರು.

ಮೇಡಂ ಕೂಗಾಡುವವರಲ್ಲ. ಅವತ್ತೂ ಕೂಗಾಡಲಿಲ್ಲ. “ಗೂಳಪ್ಪ, ಇವನು ಚಾಂದನಿ ಇಲ್ದೆ ಒಬ್ಬನೇ ಹೊರಗೆ ಹೋಗಿ ಬರೋ ಹಾಗೆ ಮಾಡು. ಯುಗಾದಿವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸರದಾರನ್ನ ಇಟ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಮಕ್ಕಳ ವಿಷಯ ಇದು” ಎಂದರು. ತಮ್ಮನ ಮುಖ ಸಪ್ಪಗಾಯಿತು. ಅವತ್ತು ರಾತ್ರಿಯ ರೊಟ್ಟಿಯನ್ನು ಅವನು ಎಷ್ಟು ಹೊತ್ತು ಅಗಿದನೋ, ನುಂಗಿದ್ದು ನಾನು ನೋಡಲಿಲ್ಲ.

ಆಮೇಲೆ ಕೆಲಸ ಮಾಡಿದ, ಇಲ್ಲವೆನ್ನುವುದಿಲ್ಲ. ಮುಂಜಾನೆ ಎದ್ದು ಸರದಾರನನ್ನು ಹಿಡಿದುಕೊಂಡು ಹೊರಡುತ್ತಿದ್ದ. ಮೊದಲು ಬಡಾವಣೆಯ ತಿರುವಿನವರೆಗೆ. ಅಲ್ಲಿ ಹುರುಳಿ ತಿನ್ನಿಸಿ ವಾಪಸ್. ಆಮೇಲೆ ಬಸ್ ಸ್ಟಾಪಿನವರೆಗೆ. ಫುಡ್ ಡೆಲಿವರಿ ಹುಡುಗರು ಗಾಡಿ ನಿಲ್ಲಿಸಿ, “ಅಣ್ಣ, ಒಂದು ಸೆಲ್ಫಿ” ಎನ್ನುತ್ತಿದ್ದರು. ಕುದುರೆ ಮೊದಮೊದಲು ಹೆಜ್ಜೆಹೆಜ್ಜೆಗೂ ಹಿಂದೆ ತಿರುಗಿ ಕೂಗುತ್ತಿತ್ತು. ಆಮೇಲಾಮೇಲೆ ಕಡಿಮೆಯಾಯಿತು. ಒಂದು ದಿನ ಮಲ್ಲತ್ತಹಳ್ಳಿ ಕೆರೆಯವರೆಗೂ ಹೋಗಿ ಬಂದು, “ಅಕ್ಕಾ, ಇವತ್ತ ಒಮ್ಮಿನೂ ಕೂಗಲಿಲ್ಲ ಬೇ!” ಎಂದು ಬಾಗಿಲಲ್ಲೇ ಕುಣಿದ. ನನಗೂ ಖುಷಿಯಾಯಿತು. ಬೆಲ್ಲ ಹಾಕಿ ಸಜ್ಜಕ ಮಾಡಿದೆ.

ಆದರೆ ಮಾರನೆಯ ದಿನ ಸರದಾರ ತಿರುವಿನಲ್ಲೇ ಹಟ ಹಿಡಿದು ನಿಂತಿತು. ಅದರ ಮಾರನೆಯ ದಿನ ಗೇಟೇ ದಾಟಲಿಲ್ಲ. ಗೂಳಪ್ಪ ಬೆವರು ಒರೆಸಿಕೊಳ್ಳುತ್ತ, ಯಾಕೆ ಹೀಗಾಯಿತೋ ತಿಳಿಯದು ಎಂದ. ಅವನಿಗೆ ಚೆನ್ನಾಗಿ ತಿಳಿದಿತ್ತು. ಆ ಸಂಜೆ ನಾನು ಲದ್ದಿ ಬುಟ್ಟಿ ಹೊತ್ತು ಹಿತ್ತಲಿಗೆ ಹೋದರೆ, ನೆಟ್ಟಿನ ಒಂದು ಮೂಲೆ ಬಿಚ್ಚಿ ಮಡಚಿಟ್ಟಿದೆ. ಸರದಾರ, ಚಾಂದನಿ ಬೇಲಿಯ ಮೇಲಿಂದ ಒಂದರ ಹೆಗಲನ್ನು ಇನ್ನೊಂದು ಕೆರೆಯುತ್ತಿವೆ. ಪಕ್ಕದಲ್ಲಿ ನನ್ನ ತಮ್ಮ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಾನೆ.

ಬುಟ್ಟಿ ಅಲ್ಲೇ ಎಸೆದೆ. “ಲೇ, ನಿನಗ ತೆಲ್ಯಾಗ ಏನರ ಐತೇನ್? ಮುಂಜಾನೆ ಬಿಡಿಸೂದು, ಸಂಜಿಕಿ ಕೂಡಿಸೂದು! ಹಿಂಗಾದ್ರ ಅದು ಯಾವಾಗ ಕಲೀಬೇಕು? ಅದನ್ನ ಇಲ್ಲಿಂದ ಓಡಸಾಕ ನೀನ ನಿಂತೀಯಲ್ಲೋ!”

“ಅವ ಮೇವು ಮುಟ್ಟವಲ್ಲ ಅಕ್ಕಾ. ಈಕಿನ್ನ ನೋಡಿದ್ರ ತಿಂತಾನ. ಒಂದೀಟ ಹೊತ್ತು, ತಿಂದು ಮುಗಸೂ ತನಕ.”

“ದಿನಾ ಹಿಂಗ ಮಾಡ್ತಿ?”

ಹೌದೆಂದು ತಲೆಯಾಡಿಸಿದ. ದಿನಾ ಹಾಗೇ ಮಾಡುತ್ತಿದ್ದ. ಅವತ್ತು ನಾನು ಬೈದ ಬೈಗುಳಕ್ಕೆ ಅಪಾರ್ಟ್‌ಮೆಂಟಿನವರು ಕುದುರೆಯ ಕೂಗನ್ನೇ ಮರೆತಿರಬೇಕು. ನನಗೆ ಹೊಟ್ಟೆ ಉರಿದದ್ದು ಯಾಕೆಂದರೆ, ಆ ಕುದುರೆ ಹೋದರೆ ಇವನು ಏನಾಗುತ್ತಾನೆಂದು ನನಗೆ ಗೊತ್ತಿತ್ತು. ಅದನ್ನು ಉಳಿಸಿಕೊಳ್ಳಲು ಮಾಡಬೇಕಾದ್ದು ಒಂದೇ ಕೆಲಸ, ಕಲ್ಲಾಗಿರುವುದು. ಅದೊಂದು ಅವನ ಕೈಲಿ ಆಗಲಿಲ್ಲ.

ಅಷ್ಟರಲ್ಲಿ ವಿಜಯನಗರದ ಮದುವೆ ಬಂತು. ಚಾಂದನಿಗೆ ಕೆಂಪು ಮಖಮಲ್ಲಿನ ಜೂಲು ಹೊದಿಸಿ, ಹಣೆಗೆ ಕುಚ್ಚು ಕಟ್ಟಿ ಗೇಟಿನ ಹತ್ತಿರ ತಂದರೆ, ಅದೂ ಹೆಜ್ಜೆ ಎತ್ತಲಿಲ್ಲ! ಹಿಂದೆ ತಿರುಗಿ ಸರದಾರನನ್ನು ಕರೆಯಿತು. ಸರದಾರ ಅಲ್ಲಿಂದ ಉತ್ತರ ಕೊಟ್ಟಿತು. ಮೇಡಂ ಆಗಲೇ ಛತ್ರದಲ್ಲಿದ್ದರು, ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಗೂಳಪ್ಪ ತಲೆ ಕೆರೆದುಕೊಂಡು, “ಇಬ್ಬರನ್ನೂ ಕರಕೊಂಡ ಹೋಗೂಣು. ನೀ ಸರದಾರನ್ನ ಹಿಡಕೊಂಡ ಹಿಂದ ಬಾ ಅಕ್ಕಾ” ಎಂದ. ನಾನು ಬೇಡವೆಂದೆ. ಬೇಡವೆಂದು ಎಷ್ಟು ಸಲ ಹೇಳಬೇಕು ಒಬ್ಬ ಮನುಷ್ಯನಿಗೆ! ಕೊನೆಗೆ ಸೀರೆ ಸೆರಗು ಸೊಂಟಕ್ಕೆ ಸಿಗಿಸಿ ಹಗ್ಗ ಹಿಡಿದೆ.

ಮೆರವಣಿಗೆ ಹೊರಟಾಗ ಇನ್ನೂ ಬೆಳಕಿತ್ತು. ಮುಂದೆ ಬ್ಯಾಂಡು, ನಡುವೆ ಚಾಂದನಿಯ ಮೇಲೆ ಪೇಟ ಸುತ್ತಿದ ವರ, ಅದರ ಲಗಾಮು ಹಿಡಿದ ಗೂಳಪ್ಪ, ಎಲ್ಲರ ಹಿಂದೆ ಖಾಲಿ ಕುದುರೆ ಹಿಡಿದುಕೊಂಡು ನಾನು. ಜರಿ ಸೀರೆಯುಟ್ಟ ಹೆಂಗಸೊಬ್ಬರು ಹತ್ತಿರ ಬಂದು, “ಆಂಟಿ, ಈ ಕುದುರೆ ಯಾರಿಗೆ? ಹುಡುಗನ ತಮ್ಮನಿಗಾ?” ಎಂದು ಕೇಳಿದರು. “ಯಾರಿಗೂ ಅಲ್ರೀ, ಸುಮ್ನ ಬಂದೈತಿ” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು.

ಛತ್ರದ ಮುಂದಿನ ಸರ್ಕಲ್ಲಿನವರೆಗೂ ಎಲ್ಲ ಸರಿಯಿತ್ತು. ಅಲ್ಲಿ ವರನ ಗೆಳೆಯರು ಚಾಂದನಿಯನ್ನು ಸುತ್ತುವರಿದು ಕುಣಿಯತೊಡಗಿದರು. ಸರದಾರನಿಗೆ ಚಾಂದನಿ ಕಾಣದಾಯಿತು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಹೋದದ್ದಷ್ಟೇ ಗೊತ್ತು. ಅದು ಬ್ಯಾಂಡಿನವರ ನಡುವೆ ನುಗ್ಗಿತು. ಡೋಲಿನವನು ಡೋಲು ಬಿಟ್ಟು ಹಾರಿದ. ಕುಣಿಯುತ್ತಿದ್ದವರು ಎಳನೀರಿನ ಗಾಡಿಯ ಹಿಂದೆ ಸೇರಿದರು. ಸರದಾರ ಕುತ್ತಿಗೆ ತಗ್ಗಿಸಿ ಚಾಂದನಿಯ ಹಿಂದೆ ಸೇರಿಕೊಂಡು, ಮೇಲೆ ವರ ಕೂತಿರುವಂತೆಯೇ, ಅದನ್ನು ಅಟ್ಟಿಕೊಂಡು ಪಕ್ಕದ ಕ್ರಾಸ್ ರಸ್ತೆಗೆ ತಿರುಗಿತು. ಗೂಳಪ್ಪ ಜೋತುಬಿದ್ದು ಎಳೆಸಿಕೊಂಡು ಹೋದ.

ನಾನು ಏದುಸಿರು ಬಿಡುತ್ತ ಹೋಗಿ ನೋಡಿದರೆ, ಮುಚ್ಚಿದ ಅಂಗಡಿಯೊಂದರ ಶಟರಿಗೆ ಚಾಂದನಿಯನ್ನು ಒತ್ತರಿಸಿ ನಿಲ್ಲಿಸಿ, ಅಡ್ಡಕ್ಕೆ ಸರದಾರ ಕಾವಲು ನಿಂತಿದೆ. ಯಾರು ಹತ್ತಿರ ಬಂದರೂ ಹಲ್ಲು ತೋರಿಸುತ್ತಿದೆ. ಮೇಲೆ ಕೂತ ವರ ಪೇಟ ಕಳೆದುಕೊಂಡು, “ಅಣ್ಣಾ, ಪ್ಲೀಸ್ ಅಣ್ಣಾ, ಇಳಿಸಿ ಅಣ್ಣಾ” ಎಂದು ಬೇಡಿಕೊಳ್ಳುತ್ತಿದ್ದಾನೆ. ಗೂಳಪ್ಪ ಅವನನ್ನು ಹೆಗಲ ಮೇಲೆ ಇಳಿಸಿಕೊಂಡ. ಹುಡುಗ ಮದುವೆಗೆ ನಡೆದುಕೊಂಡೇ ಹೋದ. ಅವರ ಕಡೆಯ ಹಿರಿಯರೊಬ್ಬರು ಮೇಡಮ್ಮಿನ ಮುಖಕ್ಕೆ ಕೈ ತೋರಿಸಿ ಮಾತಾಡುವುದನ್ನು ನಾವಿಬ್ಬರೂ ದೂರದಿಂದ ನೋಡಿದೆವು. ಆ ಹೊತ್ತು ನನಗೆ ನನ್ನ ತಮ್ಮನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅವನ ಅಂಗಿ ತೋಳಿನವರೆಗೂ ಹರಿದಿತ್ತು, ಮೊಣಕಾಲು ತರಚಿತ್ತು. ಬಾರಿಸಲಿಲ್ಲ.

ಎರಡು ದಿನ ಬಿಟ್ಟು ಮೇಡಂ ಬಂದರು. ಮಾಗಡಿ ಕಡೆ ಚನ್ನವೀರೇಶ್ ಎನ್ನುವವರ ದೊಡ್ಡ ತೋಟವಿದೆಯಂತೆ. ಚಾಂದನಿಯನ್ನು ಅವರು ತೆಗೆದುಕೊಳ್ಳುತ್ತಾರೆ, ಜೊತೆಗೆ ಸರದಾರನನ್ನೂ. ಅಲ್ಲಿ ಬೇರೆ ಗಂಡು ಕುದುರೆಯಿಲ್ಲ, ಕ್ಲಾಸಿಲ್ಲ, ಮೆರವಣಿಗೆಯಿಲ್ಲ. ಎರಡೂ ಒಟ್ಟಿಗೆ ಮೇಯ್ದುಕೊಂಡಿರಬಹುದು.

“ಹೆಣ್ಣುಕುದ್ರಿ ಒಂದ ಕಳಸ್ರಿ ಮೇಡಮ್ಮರ. ಸರದಾರ ಇಲ್ಲೇ ಇರಲಿ. ಕೈ ಮುಗೀತೀನಿ” ಎಂದ ಗೂಳಪ್ಪ.

“ಅವಳು ಹೋದ್ರೆ ಅವನು ಊಟ ಬಿಡ್ತಾನೆ. ನೀನೇ ನೋಡಿದೀಯಲ್ಲ. ಇದಕ್ಕಿಂತ ಒಳ್ಳೆ ಜಾಗ ಅವನಿಗೆ ಸಿಗಲ್ಲ ಗೂಳಪ್ಪ.”

ಗೂಳಪ್ಪ ತಲೆಯೆತ್ತಿ, “ಅವ ಲಾರಿ ಹತ್ತೂದಿಲ್ಲರೀ” ಎಂದ. ಅದು ಸತ್ಯ. ಸರದಾರನಿಗೆ ಲಾರಿಯೆಂದರೆ ಜೀವಭಯ. ನಾಯಂಡಹಳ್ಳಿಯಿಂದ ತರುವಾಗಲೂ ಹಲಗೆಯ ಮೇಲೆ ಕಾಲಿಡದೆ, ಕೊನೆಗೆ ಗೂಳಪ್ಪನೇ ನಡೆಸಿಕೊಂಡು ಬಂದಿದ್ದನಂತೆ.

“ಹೊಡೆದು ಬಡಿದು ಹತ್ತಿಸೋದು ನನಗೂ ಬೇಡ” ಎಂದರು ಮೇಡಂ. “ತಾನಾಗೇ ಹತ್ತಿದ್ರೆ ಹೋಗ್ಲಿ. ಹತ್ತಲಿಲ್ಲ ಅಂದ್ರೆ ಇಲ್ಲೇ ಇರ್ಲಿ, ಏನಾದ್ರೂ ದಾರಿ ನೋಡೋಣ.”

ಅಷ್ಟೇ ಸಾಕಾಯಿತು ಅವನಿಗೆ. ಲಾರಿ ಬರುವ ದಿನ ಮುಂಜಾನೆ ಹಬ್ಬದವನ ಹಾಗೆ ಓಡಾಡಿದ. ಚಾಂದನಿಯ ಮೈ ತಿಕ್ಕಿದ, ಹೊಸ ಹಗ್ಗ ಹಾಕಿದ. ಸರದಾರನ ಕೊಟ್ಟಿಗೆಗೆ ಹೊಸ ಹುಲ್ಲು ಹಾಸಿದ. “ಮೊದಲು ಯಾವುದನ್ನ ಹತ್ತಿಸ್ಲಿ ಅಣ್ಣ?” ಎಂದು ಲಾರಿಯವನು ಕೇಳಿದಾಗ, “ಹೆಣ್ಣುಕುದ್ರಿ ಹತ್ತಸ್ರಿ. ಇವಂದು ಖಾತ್ರಿ ಇಲ್ಲ” ಎಂದ, ಒಳಗೊಳಗೇ ನಗುತ್ತ. ನಾನು ಲಾಯದ ಕಂಬಕ್ಕೆ ಒರಗಿ ನಿಂತಿದ್ದೆ. ಇವನು ಮತ್ತೆ ಲೆಕ್ಕ ತಪ್ಪಿದನಲ್ಲ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಚಾಂದನಿ ಹಲಗೆಯೇರಿ ಒಳಗೆ ಹೋಗಿ ಆಗಿತ್ತು.

ಗೂಳಪ್ಪ ಸರದಾರನ ಹಗ್ಗ ಸಡಿಲ ಬಿಟ್ಟ, ಬೇಕಾದರೆ ಹಿಂದೆ ಸರಿಯಲಿ ಎಂದು. ಒಳಗಿನಿಂದ ಚಾಂದನಿ ಕೆನೆಯಿತು. ಸರದಾರ ಹಲಗೆಯನ್ನು ಒಮ್ಮೆ ಮೂಸಿತು. ಆಮೇಲೆ ಧಡಧಡನೆ ಹತ್ತಿ ಹೋಗಿ, ಚಾಂದನಿಯ ಪಕ್ಕ ನಿಂತು, ಅದರ ಮುಂದಿದ್ದ ಮೇವಿಗೆ ಬಾಯಿ ಹಾಕಿತು.

“ಸರದಾರಾ” ಎಂದು ಗೂಳಪ್ಪ ಕರೆದ. ಇನ್ನೊಮ್ಮೆ, ಜೋರಾಗಿ ಕರೆದ. ಕುದುರೆ ಮೇವು ತಿನ್ನುತ್ತಲೇ ಇತ್ತು. ಲಾರಿಯವನು ಹಲಗೆ ಎತ್ತಿ ಚಿಲಕ ಹಾಕಿದ.

ಲಾರಿ ಬಡಾವಣೆಯ ತಿರುವು ದಾಟಿತು. ನನಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು, ಕುದುರೆಯ ಮೇಲೆ. ಮೈಮೇಲಿನ ಗಾಯಕ್ಕೆ ಅರಿಸಿನ ಹಚ್ಚಿದವನ ಕಡೆ ಒಂದು ಸಲ ನೋಡಿದ್ದರೆ ಅದರ ಗಂಟೇನು ಹೋಗುತ್ತಿತ್ತು? ತಮ್ಮನನ್ನು ಹೇಗೆ ಸಮಾಧಾನ ಮಾಡಲಿ ಎಂದು ಪಕ್ಕಕ್ಕೆ ಹೋಗಿ ನಿಂತು ಭುಜದ ಮೇಲೆ ಕೈಯಿಟ್ಟೆ.

ಅವನು ರಸ್ತೆಯನ್ನೇ ನೋಡುತ್ತಿದ್ದ. “ಅಕ್ಕಾ, ಆ ಮಾಗಡಿ ತ್ವಾಟದಾಗ ಕೆಲಸಕ್ಕ ಆಳು ಬೇಕೇನ ಕೇಳಲೇನ ಬೇ? ಬೇಕಂದ್ರ ನಾಳೆನ ಹೋಗಿಬಿಡತೇನಿ” ಎಂದ.

“ಮತ್ತ ನಾನು?” ಎಂದೆ.

ಗೂಳಪ್ಪ ಆಗ ತಿರುಗಿ ನನ್ನ ಮುಖ ನೋಡಿದ. ನಾನೊಬ್ಬಳು ಇಲ್ಲಿರುವುದು ಅವನಿಗೆ ಅಲ್ಲಿಯವರೆಗೂ ಹೊಳೆದೇ ಇರಲಿಲ್ಲ.